ಎತ್ತಿದರೂ ಕಾಸು

2003ರ ಮೇ ತಿಂಗಳಲ್ಲಿ ನಮ್ಮಲ್ಲಿ ಮೊಬೈಲಿನ ಇನ್‌ಕಮಿಂಗ್ ಉಚಿತವಾಯಿತು. ಫೋನ್ ಬಂದರೂ ದುಡ್ಡು ತೆತ್ತು ಸಾಕಾಗಿದ್ದ ನಮಗೆ ಅದೊಂದು ಹಬ್ಬ. ಮಿಸ್ಡ್ ಕಾಲ್ ವಿದ್ಯೆಯಲ್ಲಿ ನಾನು ಪಳಗುವಷ್ಟರಲ್ಲಿ, ಮರುವರ್ಷ ಕೆಲಸ ನನ್ನನ್ನು ಮೈಸೂರಿನಿಂದ ನ್ಯೂಜೆರ್ಸಿಯ ಎಡಿಸನ್ನಿಗೆ ತಂದು ಹಾಕಿತು.

ಅಲ್ಲಿ ಮೊಬೈಲ್ ಅಂಗಡಿಯವನು ಮೊದಲು ಡಿಪಾಸಿಟ್ ಕೇಳಿದ. ನನಗೆ ಸಾಲ ಮಾಡಿ ತೀರಿಸಿದ ದಾಖಲೆ ಇರಲಿಲ್ಲವಂತೆ. ಸಾಲ ಮಾಡದೆ ಬದುಕಿದ್ದೇ ತಪ್ಪಾಗುತ್ತದೆಂದು ಅಪ್ಪ ಹೇಳಿಕೊಟ್ಟಿರಲಿಲ್ಲ! ಎರಡು ವರ್ಷದ ಕರಾರು, ತಿಂಗಳಿಗೆ 40 ಡಾಲರ್, 450 ನಿಮಿಷ. ರಾತ್ರಿ ಒಂಬತ್ತರ ಮೇಲೆ ಮತ್ತು ಶನಿವಾರ, ಭಾನುವಾರ ಮಾತು ಪುಕ್ಕಟೆ.

ಮೊದಲ ಬಿಲ್ಲಿನಲ್ಲಿ 250 ನಿಮಿಷ ಹೆಚ್ಚುವರಿ. ನಿಮಿಷಕ್ಕೆ 45 ಸೆಂಟಿನಂತೆ ನೂರಹನ್ನೆರಡೂವರೆ ಡಾಲರ್, ಅಂದರೆ ಆಗಿನ ಐದು ಸಾವಿರ ರೂಪಾಯಿ. ನಾನು ಮಾಡಿದ ಕರೆಗಳೋ ಬೆರಳೆಣಿಕೆಯಷ್ಟು. ಹಾಳೆ ತಿರುವಿದರೆ ಮುಕ್ಕಾಲು ಪಾಲು ಇನ್‌ಕಮಿಂಗ್. ಹಗಲು ಹೊತ್ತು ಕನ್ನಡದ ಗೆಳೆಯರು ಫೋನ್ ಮಾಡಿ ಸಾರಿನ ಪುಡಿ ಎಲ್ಲಿ ಸಿಗುತ್ತದೆ ಎಂದು ಕೇಳಿದ್ದಕ್ಕೂ ಲೆಕ್ಕ. ನಮ್ಮವರು ವಿಷಯಕ್ಕೆ ಬರುವ ಮೊದಲು ಊಟ ಆಯ್ತಾ, ತಿಂಡಿ ಏನು ಎಂದು ಎರಡು ನಿಮಿಷವಾದರೂ ಕಳೆಯಬೇಕಲ್ಲ! ಅರವತ್ತೊಂದು ಸೆಕೆಂಡ್ ಮಾತಾಡಿದರೂ ಕಂಪನಿಯವರು ಎರಡು ನಿಮಿಷ ಮುರಿಯುತ್ತಿದ್ದರು.

ಮಿಸ್ಡ್ ಕಾಲ್ ಕತೆ ಬೇರೆ. ಸಹೋದ್ಯೋಗಿಯ ಕಾರಿಗಾಗಿ ಕಾಯುತ್ತ, ಕೆಳಗೆ ಬಂದಿದ್ದೇನೆ ಅನ್ನಲು ಒಂದು ರಿಂಗ್ ಕೊಟ್ಟು ಕಟ್ ಮಾಡಿದೆ. ಅವನು ಗಾಬರಿಯಿಂದ ವಾಪಸ್ ಫೋನ್ ಮಾಡಿದ. ಏನೂ ಇಲ್ಲ ಅನ್ನುವಷ್ಟರಲ್ಲಿ ಅವನದೊಂದು ನಿಮಿಷ, ನನ್ನದೊಂದು ನಿಮಿಷ ಹೋಯಿತು.

ಅಮ್ಮನಿಗೆ ಐದು ಡಾಲರಿನ ಕಾಲಿಂಗ್ ಕಾರ್ಡು. ಮೊಬೈಲಿನಿಂದ ಮಾಡಿದರೆ ಕಾರ್ಡಿನ ಹಣವೂ ಕರಗುತ್ತಿತ್ತು, ಹಗಲಾದರೆ ಪ್ಲಾನಿನ ನಿಮಿಷವೂ. ಹಾಗಾಗಿ ಒಂಬತ್ತು ಹೊಡೆಯುವುದನ್ನೇ ಕಾಯುತ್ತಿದ್ದೆ. ಬೇಸಿಗೆಯಲ್ಲಿ ಮೈಸೂರಿನಲ್ಲಿ ಆಗ ಬೆಳಿಗ್ಗೆ ಆರೂವರೆ; ಅಮ್ಮ ರಂಗೋಲಿ ಅರ್ಧಕ್ಕೆ ಬಿಟ್ಟು ಓಡಿ ಬರುತ್ತಿದ್ದಳು. ಮೂರನೇ ತಿಂಗಳಿನಿಂದ ಬಿಲ್ಲು 450 ನಿಮಿಷದೊಳಗೇ ನಿಂತಿತು, ಆದರೆ ಹಗಲಲ್ಲಿ ಫೋನ್ ಎತ್ತದವನೆಂದು ಗೆಳೆಯರ ನಡುವೆ ನನಗೆ ಕೆಟ್ಟ ಹೆಸರು ಬಂತು.

ಎರಡು ವರ್ಷದ ನಂತರ ರಜೆಗೆ ಊರಿಗೆ ಹೋದೆ. ಮಧ್ಯಾಹ್ನ ಚಿಕ್ಕಮ್ಮನ ಫೋನ್ ಬಂದು ಅರ್ಧ ಗಂಟೆಯಾದರೂ ಅಮ್ಮ ಇಡುತ್ತಿಲ್ಲ. ನಾನು ಗಡಿಯಾರ ತೋರಿಸಿ, ‘ಬೇಗ ಮುಗಿಸಮ್ಮ’ ಎಂದೆ. ಅಮ್ಮ ಫೋನಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದಳು: ‘ಅವಳೇ ಮಾಡಿರೋದು ಕಣೋ, ನಮಗೇನು ಖರ್ಚು?’