ಓಟದ ಮೋಟಾರ್ ಸೈಕಲ್ಲು: ತಡೆಯೂ ತಿರುವೂ

ಇಟಲಿಯಲ್ಲಿ, ಫ್ಲಾರೆನ್ಸ್ ನಗರದ ಉತ್ತರಕ್ಕಿರುವ ಬೆಟ್ಟಗಳ ನಡುವೆ, ಮುಜೆಲ್ಲೊ ಎಂಬ ಪ್ರಸಿದ್ಧ ಪಂದ್ಯದ ಪಥವಿದೆ. ಒಂದು ಸುತ್ತಿನ ಉದ್ದ 5.245 ಕಿಲೋಮೀಟರು. ಅದರಲ್ಲಿ ಒಂದು ಕಿಲೋಮೀಟರಿಗೂ ಮಿಕ್ಕಿದ ನೇರದಾರಿಯೊಂದಿದ್ದು, ಅದು ಮುಗಿಯುತ್ತಲೇ ಸಾನ್ ದೊನಾತೊ ಎಂಬ ಬಲತಿರುವು ಎದುರಾಗುತ್ತದೆ. ಪಂದ್ಯದ ದಿನ ಮೂರು ವರ್ಗಗಳ ಮೋಟಾರ್ ಸೈಕಲ್ಲುಗಳು ಒಂದಾದ ಮೇಲೊಂದರಂತೆ ಈ ತಿರುವಿಗೆ ಬರುತ್ತವೆ. 2025ರ ನಿಯಮಗಳಂತೆ ಮೋಟೊ3 ವರ್ಗದ್ದು 250 ಸಿ.ಸಿ.ಯ ಒಂದೇ ಸಿಲಿಂಡರಿನ ಎಂಜಿನು. ಅಶ್ವಶಕ್ತಿ ಸುಮಾರು 60. ಸವಾರನೂ ಸೇರಿ ತೂಕ 152 ಕಿಲೋಗ್ರಾಮಿಗೆ ಕಡಮೆಯಾಗಕೂಡದು. ಮೋಟೊಜಿಪಿ ವರ್ಗದ್ದು 1000 ಸಿ.ಸಿ.ಯ ಎಂಜಿನು, ಅಶ್ವಶಕ್ತಿ ಮುನ್ನೂರರ ಸಮೀಪ, ಸವಾರನೊಡನೆ ತೂಕ ಸುಮಾರು 235 ಕಿಲೋಗ್ರಾಮು. ಮೋಟೊ2 ಇವೆರಡರ ನಡುವಣದು.

ಇವುಗಳಲ್ಲಿ ಯಾವುದು ಹೆಚ್ಚು ಬಿರುಸಾಗಿ ಬ್ರೇಕು ಹಾಕಬಲ್ಲುದು? ಹಗುರವಾದದ್ದು ಬೇಗ ನಿಲ್ಲುತ್ತದೆಂದು ಕೆಲವರು, ದೊಡ್ಡ ಬ್ರೇಕುಳ್ಳದ್ದು ಬೇಗ ನಿಲ್ಲುತ್ತದೆಂದು ಕೆಲವರು ಹೇಳಿಯಾರು. ಎರಡೂ ಸರಿಯಲ್ಲ.

ಬೈಸಿಕಲ್ಲಿನಲ್ಲಿ ಇಳಿಜಾರಿನಲ್ಲಿ ಬರುವಾಗ ಮುಂದಿನ ಬ್ರೇಕನ್ನು ಜಗ್ಗನೆ ಹಿಡಿದವರಿಗೆ ಹಿಂದಿನ ಚಕ್ರ ನೆಲ ಬಿಟ್ಟೇಳುವ ಅನುಭವವಾಗಿರಬಹುದು. ಓಟದ ಮೋಟಾರ್ ಸೈಕಲ್ಲಿಗೂ ಒಣನೆಲದಲ್ಲಿ ಅದೇ ಮಿತಿ. ಘರ್ಷಣಬಲವು ನೆಲದ ಮಟ್ಟದಲ್ಲಿ ಹಿಂದಕ್ಕೆಳೆಯುತ್ತದೆ. ಗುರುತ್ವಕೇಂದ್ರವಾದರೋ ನೆಲದಿಂದ ಮೇಲಿದ್ದು, ಮುಂದಕ್ಕೆ ಸಾಗಲೆತ್ನಿಸುತ್ತದೆ. ಇದರಿಂದ ವಾಹನ ಮುಂದಿನ ಚಕ್ರದ ಮೇಲೆ ಮಗುಚಲು ತೊಡಗುತ್ತದೆ. ಅದನ್ನು ತಡೆದಿಡುವುದು ವಾಹನದ ತೂಕ. ಮಗುಚಿಸುವುದೂ ದ್ರವ್ಯರಾಶಿಯೇ, ಮಗುಚದಂತೆ ಹಿಡಿಯುವುದೂ ದ್ರವ್ಯರಾಶಿಯೇ ಆದುದರಿಂದ ಸಮೀಕರಣದ ಎರಡು ಕಡೆಗಳಿಂದಲೂ ಅದು ಹೊಡೆದುಹೋಗುತ್ತದೆ. ಉಳಿಯುವುದು ಕೇವಲ ಒಂದು ಅನುಪಾತ: ಮುಂದಿನ ಚಕ್ರ ನೆಲ ಮುಟ್ಟುವ ಬಿಂದುವಿನಿಂದ ಗುರುತ್ವಕೇಂದ್ರ ಎಷ್ಟು ಹಿಂದಿದೆ, ನೆಲದಿಂದ ಎಷ್ಟು ಮೇಲಿದೆ ಎಂಬುದು. ಎರಡೂ ಸುಮಾರು 70 ಸೆಂಟಿಮೀಟರೆಂದು ಹಿಡಿದರೆ, ಚಕ್ರಗಳ ಮೂಲಕ ದೊರೆಯಬಹುದಾದ ಪರಮಾವಧಿ ತಡೆ ಗುರುತ್ವ ವೇಗೋತ್ಕರ್ಷಕ್ಕೆ, ಎಂದರೆ ಸೆಕೆಂಡಿಗೆ ಪ್ರತಿ ಸೆಕೆಂಡಿನಲ್ಲಿ 9.8 ಮೀಟರಿಗೆ, ಸಮ. ಇದು ಚಿಕ್ಕದಕ್ಕೂ ದೊಡ್ಡದಕ್ಕೂ ಬಹುಮಟ್ಟಿಗೆ ಒಂದೇ. ಸವಾರನು ಆಸನದ ಹಿಂಬದಿಗೆ ಸರಿದು ಈ ಅನುಪಾತವನ್ನು ತುಸು ಹೆಚ್ಚಿಸಿಕೊಳ್ಳುತ್ತಾನೆ. ಎದೆಯೆತ್ತಿ ಕುಳಿತು ಗಾಳಿಯನ್ನೂ ಬ್ರೇಕಾಗಿ ಬಳಸುತ್ತಾನೆ; ಅತಿ ವೇಗದಲ್ಲಿ ಈ ಗಾಳಿಯ ಸಹಾಯ ಸಣ್ಣದೇನಲ್ಲ.

ಹಾಗಾದರೆ ವ್ಯತ್ಯಾಸವೆಲ್ಲಿ? ವೇಗದಲ್ಲಿ. ಮುಜೆಲ್ಲೊದ ಈ ನೇರದಾರಿಯಲ್ಲಿ 2023ರಲ್ಲಿ ಬ್ರ್ಯಾಡ್ ಬೈಂಡರ್ ಎಂಬ ಸವಾರನ ವೇಗ ಗಂಟೆಗೆ 366.1 ಕಿಲೋಮೀಟರೆಂದು ದಾಖಲಾಯಿತು. ನಾವು ಲೆಕ್ಕಕ್ಕೆ ದೊಡ್ಡದರ ವೇಗ 350, ಚಿಕ್ಕದರ ವೇಗ 240 ಎಂದಿಟ್ಟುಕೊಳ್ಳೋಣ. ದೊಡ್ಡದು ತಿರುವಿಗಾಗಿ 90ಕ್ಕೂ, ಚಿಕ್ಕದು 108ಕ್ಕೂ ಇಳಿಯಲಿ. (ಚಿಕ್ಕದು ಏಕೆ ಕಡಮೆ ಇಳಿಯುತ್ತದೆಂಬುದು ಮುಂದೆ ತಿಳಿಯುತ್ತದೆ.) ಗಾಳಿಯ ತಡೆಯೂ ಸೇರಿ ಸರಾಸರಿ ತಡೆ ಎರಡಕ್ಕೂ ಗುರುತ್ವದ 1.2ರಷ್ಟು ಎಂದರೆ, ದೊಡ್ಡದಕ್ಕೆ ಸುಮಾರು 375 ಮೀಟರು ಬೇಕು, ಚಿಕ್ಕದಕ್ಕೆ 150 ಮೀಟರು ಸಾಕು. ಕಳೆಯಬೇಕಾದ ಚಲನಶಕ್ತಿಯನ್ನು ಲೆಕ್ಕಹಾಕಿದರೆ ಅಂತರ ಇನ್ನೂ ದೊಡ್ಡದು. ಚಿಕ್ಕದಕ್ಕೆ 2,70,000 ಜೌಲು. ದೊಡ್ಡದಕ್ಕೆ 10 ಲಕ್ಷ ಜೌಲಿಗೂ ಮಿಗಿಲು. ಮೂರು ಲೀಟರು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲ ಈ ಶಕ್ತಿಯನ್ನು ಆರೇ ಸೆಕೆಂಡುಗಳಲ್ಲಿ ತೊಲಗಿಸಬೇಕು. ಗಾಳಿ ಒಂದು ಪಾಲನ್ನು ಹೊರುತ್ತದೆ. ಮಿಕ್ಕದ್ದೆಲ್ಲ ಬಹುಮಟ್ಟಿಗೆ ಮುಂದಿನ ಚಕ್ರದ ಎರಡು ಬ್ರೇಕು ಬಿಲ್ಲೆಗಳ ಪಾಲಿಗೆ. ಆದುದರಿಂದಲೇ ಮೋಟೊಜಿಪಿಯಲ್ಲಿ ಬಿಲ್ಲೆಗಳು ಇಂಗಾಲದವು, ಉಳಿದೆರಡು ವರ್ಗಗಳಲ್ಲಿ ಉಕ್ಕಿನವು. ಇಂಗಾಲದ ಬಿಲ್ಲೆಯದೊಂದು ವಿಚಿತ್ರ ಸ್ವಭಾವ: ತಣ್ಣಗಿದ್ದಾಗ ಅದು ಸರಿಯಾಗಿ ಹಿಡಿಯುವುದೇ ಇಲ್ಲ, ಕಾದು ಇನ್ನೂರು ಡಿಗ್ರಿ ದಾಟಿದ ಮೇಲೆಯೇ ಅದರ ಪ್ರತಾಪ.

ಇನ್ನು ತಿರುವು. ವಾಹನ ಎಷ್ಟು ವಾಲಬೇಕೆಂಬುದನ್ನು ಕಾಲೇಜಿನ ಪಠ್ಯದ ಸರಳ ಸೂತ್ರವೇ ಹೇಳುತ್ತದೆ: ವೇಗದ ವರ್ಗವನ್ನು, ತಿರುವಿನ ತ್ರಿಜ್ಯ ಮತ್ತು ಗುರುತ್ವ ವೇಗೋತ್ಕರ್ಷ ಇವುಗಳ ಗುಣಲಬ್ಧದಿಂದ ಭಾಗಿಸಿದರೆ ವಾಲುವ ಕೋನದ ಟ್ಯಾಂಜೆಂಟು ದೊರೆಯುತ್ತದೆ. ಇಲ್ಲಿಯೂ ದ್ರವ್ಯರಾಶಿಗೆ ಜಾಗವಿಲ್ಲ. ಚಿಕ್ಕ ವಾಹನ 60 ಮೀಟರು ತ್ರಿಜ್ಯದ ವಿಶಾಲವಾದ ಕಂಸದಲ್ಲಿ ಸೆಕೆಂಡಿಗೆ 30 ಮೀಟರಿನಂತೆ, ಎಂದರೆ ಗಂಟೆಗೆ 108 ಕಿಲೋಮೀಟರಿನಂತೆ, ತಿರುಗಿದರೆ ಉತ್ತರ 1.53, ಕೋನ ಸುಮಾರು 57 ಡಿಗ್ರಿ. ದೊಡ್ಡದು 42 ಮೀಟರಿನ ಬಿಗಿಯಾದ ಕಂಸದಲ್ಲಿ ಗಂಟೆಗೆ 90ರಂತೆ ತಿರುಗಿದರೂ ಉತ್ತರ ಅದೇ. (ವಾಸ್ತವದಲ್ಲಿ ಅಗಲವಾದ ಟೈರುಳ್ಳ ದೊಡ್ಡ ವಾಹನ ಇದಕ್ಕಿಂತ ತುಸು ಹೆಚ್ಚೇ ವಾಲಬೇಕು, ವಾಲಿದಾಗ ನೆಲ ಮುಟ್ಟುವ ಜಾಗ ಟೈರಿನ ಅಂಚಿನ ಕಡೆಗೆ ಸರಿಯುವುದೇ ಅದಕ್ಕೆ ಕಾರಣ.)

ಒಂದೇ ತಿರುವಿನಲ್ಲಿ ಎರಡು ಕಂಸಗಳೇಕೆ? ಇದೇ ಈ ವಿಷಯದ ಹುರುಳು. ಟೈರಿನ ಹಿಡಿತ ಒಂದು ಸೀಮಿತವಾದ ಬಂಡವಾಳ. ಅಡ್ಡಬಲಕ್ಕೆ ವ್ಯಯವಾದದ್ದು ಮುಂದಕ್ಕೆ ತಳ್ಳಲು ದೊರೆಯದು. ಎರಡೂ ಬಲಗಳು ಲಂಬಕೋನದಲ್ಲಿರುವುದರಿಂದ ಪೈಥಾಗೊರಸನ ಪ್ರಮೇಯದಂತೆ ಕೂಡುತ್ತವೆ. ಒಟ್ಟು ಹಿಡಿತ ತೂಕದ 1.6ರಷ್ಟಿದ್ದು ಅಡ್ಡಬಲಕ್ಕೆ 1.53 ಹೋದರೆ, ಮಿಗುವುದು 0.47 ಮಾತ್ರ. ದೊಡ್ಡ ಎಂಜಿನಿನವನು ವಾಲಿದ ಸ್ಥಿತಿಯಲ್ಲಿ ತನ್ನ ಶಕ್ತಿಯನ್ನು ಬಳಸಲಾರ. ಬಳಸಿದರೆ ಹಿಂದಿನ ಚಕ್ರ ಜಾರುತ್ತದೆ. ಆದ್ದರಿಂದ ಅವನು ತಿರುವಿನೊಳಕ್ಕೆ ಆಳವಾಗಿ ಬ್ರೇಕು ಹಾಕುತ್ತ ಹೋಗಿ, ಬಿಗಿಯಾಗಿ ಥಟ್ಟನೆ ತಿರುಗಿ, ಆದಷ್ಟು ಬೇಗ ವಾಹನವನ್ನು ನೆಟ್ಟಗೆ ನಿಲ್ಲಿಸಿ ಎಂಜಿನನ್ನು ಪೂರ್ಣವಾಗಿ ತೆರೆಯುತ್ತಾನೆ. ಚಿಕ್ಕದರಲ್ಲಿ ಕಿಲೋಗ್ರಾಮಿಗೆ ದೊರೆಯುವ ಅಶ್ವಶಕ್ತಿ ಅದರ ಮೂರನೆಯ ಒಂದು ಪಾಲು. ಕಳೆದುಕೊಂಡ ವೇಗವನ್ನು ನೇರದಾರಿಯಲ್ಲಿ ಮರಳಿ ಗಳಿಸುವುದು ಅದಕ್ಕೆ ದುಬಾರಿ. ವೇಗವೇರಿದಂತೆ ಗಾಳಿಯೂ ಅದರ ಬಹುಪಾಲು ಶಕ್ತಿಯನ್ನು ನುಂಗುತ್ತದೆ. ಹೀಗಾಗಿ ಅದರ ಸವಾರನು ಬ್ರೇಕನ್ನು ಜಿಪುಣನಂತೆ ಬಳಸಿ, ಪಥದ ಪೂರ್ಣ ಅಗಲವನ್ನು ಹಿಡಿದು, ವೇಗವನ್ನು ತಿರುವಿನ ಮೂಲಕ ಹೊತ್ತೊಯ್ಯುತ್ತಾನೆ. ನಮ್ಮ ಅಭಿಪ್ರಾಯದಲ್ಲಿ ನೋಡಲು ಹೆಚ್ಚು ಸೊಗಸಾದುದು ಈ ಚಿಕ್ಕವರ ಓಟವೇ.

ಮೋಟೊ2 ವರ್ಗದಲ್ಲಿ 2019ರಿಂದ ಎಲ್ಲರಿಗೂ ಟ್ರಯಂಫ್ ಸಂಸ್ಥೆಯ 765 ಸಿ.ಸಿ.ಯ ಒಂದೇ ಬಗೆಯ ಎಂಜಿನನ್ನು ಒದಗಿಸಲಾಗಿದೆ. ಅಲ್ಲಿ ನೇರದಾರಿಯಲ್ಲಿ ಎದುರಾಳಿಯನ್ನು ಹಿಂದಿಕ್ಕುವುದು ಕಷ್ಟ. ಬ್ರೇಕು ಹಾಕಲಾರಂಭಿಸುವ ಹತ್ತಿಪ್ಪತ್ತು ಮೀಟರುಗಳಲ್ಲಿಯೇ ಜಯಾಪಜಯ.

ಮಳೆ ಬಂದರೆ ಈ ಲೆಕ್ಕವೆಲ್ಲ ಬದಲಾಗುತ್ತದೆ. ಹಿಡಿತ ತೂಕದ 0.8ಕ್ಕೆ ಇಳಿಯಿತೆನ್ನಿ. ವಾಹನ ಮಗುಚುವ ಮೊದಲೇ ಟೈರು ಜಾರುವುದರಿಂದ, ಈಗ ಬ್ರೇಕಿನ ಮಿತಿ ಮಗುಚುವುದಲ್ಲ, ಜಾರುವುದು. ಹಿಂದಿನ ಚಕ್ರದ ಮೇಲೆ ಆಗಲೂ ಸ್ವಲ್ಪ ಭಾರ ಉಳಿದಿರುವ ಕಾರಣ, ಒಣನೆಲದಲ್ಲಿ ಅಷ್ಟಾಗಿ ಕೆಲಸವಿಲ್ಲದಿದ್ದ ಹಿಂದಿನ ಬ್ರೇಕಿಗೂ ಕೆಲಸ ಬರುತ್ತದೆ. ವಾಲಬಹುದಾದ ಕೋನವೂ, ಇದೇ ಸೂತ್ರದ ಪ್ರಕಾರ, 39 ಡಿಗ್ರಿಗೆ ಕುಗ್ಗುತ್ತದೆ.