ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ

ಮುಂಬಯಿಯ ನಮ್ಮ ನೆರೆಹೊರೆಯವರು 'ಮೋತಿಬಿಂದು' ಎಂದು ಕರೆಯುವುದನ್ನೇ ನಾವು ಕಣ್ಣಿನ ಪೊರೆಯೆನ್ನುತ್ತೇವೆ. ಹೆಸರನ್ನು ಕೇಳಿ, ಕಣ್ಣಿನ ಮೇಲೆ ಬೆಳೆದ ತೊಗಲನ್ನು ಸುಲಿಯುವರೆಂದು ನಮ್ಮ ಅಜ್ಜಿಯಂದಿರು ಅಂಜುವುದುಂಟು. ವಾಸ್ತವದಲ್ಲಿ ಮಬ್ಬಾಗುವುದು ಪಾಪೆಯ ಹಿಂದಿರುವ ಮಸೂರ. ಅದನ್ನು ತಿಳಿಗೊಳಿಸುವ ಔಷಧವಿಲ್ಲ. ಪೊರೆ 'ಹಣ್ಣಾಗಲಿ' ಎಂದು ಕಾಯಬೇಕೆಂಬುದೂ ಹಳೆಯ ಮಾತು. ಓದಿಗೆ, ಅಡಿಗೆಗೆ, ಓಡಾಟಕ್ಕೆ ಅಡ್ಡಿಯಾದಾಗಲೇ ಚಿಕಿತ್ಸೆ ಮಾಡಿಸಬಹುದು.

ರೋಗಿಗೆ ಸಾಮಾನ್ಯವಾಗಿ ಎಚ್ಚರವಿರುತ್ತದೆ. ಕಣ್ಣಿಗೆ ಮಾತ್ರ ನೋವು ತಿಳಿಯದಂತೆ ಮಾಡುತ್ತಾರೆ. ಎರಡು ಮೂರು ಮಿಲಿಮೀಟರಿನ ಸೀಳಿನ ಮೂಲಕ ಮಬ್ಬಾದ ಮಸೂರವನ್ನು ಒಡೆದು ಹೀರಿ, ಕೃತಕ ಮಸೂರವನ್ನಿಡುವರು. ಬಹುಮಟ್ಟಿಗೆ ಅರ್ಧ ಗಂಟೆಯೊಳಗಿನ ಕೆಲಸ. ಇಂಥ ಮಸೂರವನ್ನು 1949ರಲ್ಲಿ ಮೊದಲು ಅಳವಡಿಸಿದವರು ಲಂಡನ್ನಿನ ಹೆರಾಲ್ಡ್ ರಿಡ್ಲಿಯವರು. ಯುದ್ಧದಲ್ಲಿ ವೈಮಾನಿಕರ ಕಣ್ಣಿಗೆ ಹೊಕ್ಕ ಪ್ಲಾಸ್ಟಿಕ್ ಚೂರುಗಳು ಕಣ್ಣನ್ನು ಕೆರಳಿಸದೆ ಉಳಿದುದನ್ನು ಅವರು ಗಮನಿಸಿದ್ದರು. ಅದಕ್ಕೆ ಮುಂಚೆ ಪೊರೆ ತೆಗೆಸಿಕೊಂಡವರಿಗೆ ಸೀಸೆಯ ತಳದಂಥ ದಪ್ಪ ಕನ್ನಡಕವೇ ಗತಿಯಾಗಿತ್ತು!

ಕೆಲವು ದಿನ ಕಣ್ಣು ಕರಕರಿಸೀತು. ಬಣ್ಣಗಳು, ವಿಶೇಷವಾಗಿ ನೀಲಿ, ಹೊಸದಾಗಿ ತೊಳೆದಂತೆ ಕಂಡಾವು. ಓದಲು ಕನ್ನಡಕ ಬೇಕಾಗಬಹುದು. ಕಣ್ಣಿನ ಹಿಂಭಾಗದ ಅಕ್ಷಿಪಟಲವೇ ಕೆಟ್ಟಿದ್ದರೆ ಮಾತ್ರ ದೃಷ್ಟಿ ಪೂರ್ತಿ ಮರಳಲಾರದು. ಇದನ್ನು ಮೊದಲೇ ಕೇಳಿ ತಿಳಿಯುವುದು ಲೇಸು. ಕಣ್ಣನ್ನು ಉಜ್ಜಲಾಗದು, ವೈದ್ಯರು ಹೇಳುವವರೆಗೆ ನೀರು ತಾಗಿಸಲಾಗದು. ನೋವು ಏರಿದರೆ, ಕಣ್ಣು ಕೆಂಪಾಗಿ ನೋಟ ಕುಗ್ಗಿದರೆ, ಬೆಳಗಾಗಲೆಂದು ಕಾಯದೆ ಕೂಡಲೇ ವೈದ್ಯರಲ್ಲಿಗೆ ಹೋಗಬೇಕು. ಕೆಲವು ವಾರಗಳ ಕಾಲ ವೇಳೆಗೆ ಸರಿಯಾಗಿ ಹನಿ ಔಷಧ ಹಾಕಬೇಕು; ಕೈಯನ್ನು ಸಾಬೂನಿನಿಂದ ತೊಳೆದುಕೊಂಡು ಈ ಕೆಲಸವನ್ನು ಮೊಮ್ಮಕ್ಕಳಾದ ನಾವೇ ವಹಿಸಿಕೊಳ್ಳಬಹುದು.