ಹಿಂದಿನ ಸಾಲಲ್ಲಿ ಒಬ್ಬರನ್ನು ಕೂರಿಸಿಕೋ

ಅರಸೀಕೆರೆ

ಚಿ. ಸುಮಾ,

ಹಾಸನದ ಹಾಸ್ಟೆಲ್ ಊಟ ನಿನಗೆ ಸೇರುತ್ತಿಲ್ಲವಂತೆ, ನಿಮ್ಮಮ್ಮ ಹೇಳಿದಳು. ಚಟ್ನಿಪುಡಿ ಕಳಿಸಿದ್ದೇನೆ. ಹೊಟ್ಟೆ ಕಟ್ಟಿ ಓದಬೇಡ ಮಗಳೆ.

ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿ ನೆನೆದರೆ ಎದೆ ಡವಡವ ಅನ್ನುತ್ತದೆಂದು ಬರೆದಿದ್ದೀಯ. 150 ಪ್ರಶ್ನೆ, 150 ನಿಮಿಷ; ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಇಷ್ಟು ಹೆದರಿಕೆ ಯಾಕೆ? ನಾವು ಟಿಸಿಎಚ್ ತರಬೇತಿ ಮುಗಿಸಿ ಮೇಷ್ಟರಾದ ಕಾಲದಲ್ಲಿ ಈ ಪರೀಕ್ಷೆ ಇರಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಉಳಿದಿರುವ ಮೇಷ್ಟರುಗಳೂ ಎರಡು ವರ್ಷದೊಳಗೆ ಪಾಸಾಗಬೇಕು ಎಂದಿತಲ್ಲ, ಹಳೇಬೀಡು ಕಡೆಯ ನನ್ನ ಗೆಳೆಯನೊಬ್ಬ ಮಗಳ ಗೈಡು ಇಸಿದುಕೊಂಡು ಓದಲು ಕೂತಿದ್ದಾನೆ.

ಪರೀಕ್ಷೆ ಬೇಡವೆನ್ನುವವನಲ್ಲ ನಾನು. ಭಿನ್ನರಾಶಿ ತನಗೇ ಬಾರದವನು ಮಕ್ಕಳಿಗೇನು ಕಲಿಸಿಯಾನು? ಆದರೆ ಮೂಲೆಯಲ್ಲಿ ಬಾಯಿ ಬಿಡದೆ ಕೂತ ಮಗುವನ್ನು ನೀನು ಮಾತಾಡಿಸುತ್ತೀಯೋ ಇಲ್ಲವೋ ಎಂಬುದು ಓಎಂಆರ್ ಹಾಳೆಗೆ ಕಾಣದು. ಅದು ತಿಳಿಯಬೇಕಾದದ್ದು ತರಬೇತಿಯ ಅಭ್ಯಾಸ ಪಾಠದಲ್ಲಿ. ಅದೋ, ಬಹಳ ಕಡೆ ಪಾಠಯೋಜನೆ ಬರೆದು, ಚಾರ್ಟು ಅಂಟಿಸಿ, ರೆಕಾರ್ಡಿಗೆ ಸಹಿ ಹಾಕಿಸಿಕೊಳ್ಳುವಲ್ಲಿಗೆ ಮುಗಿದುಹೋಗುತ್ತದೆ.

ಕಸುಬು ಕಲಿಯುವುದು ಹಾಗಲ್ಲ. ಬೇಲೂರಿನ ಗುಡಿಯಲ್ಲಿ ಬಳ್ಳಿಗಾವೆಯ ಶಿಲ್ಪಿ ದಾಸೋಜನ ಹೆಸರೂ ಇದೆ, ಅವನ ಮಗ ಚಾವಣನ ಹೆಸರೂ ಇದೆ. ಅಪ್ಪನ ಕಣ್ಣೆದುರಿಗೇ ಉಳಿ ಹಿಡಿದು ಪಳಗಿದವನಿರಬೇಕು. ನಮ್ಮ ಕಸುಬಿನಲ್ಲಿ ಮಾತ್ರ ಮೊದಲ ದಿನವೇ ಕೋಣೆಯೊಳಗೆ ಬಿಟ್ಟು ಬಾಗಿಲು ಹಾಕಿಬಿಡುತ್ತಾರೆ. ಆ ಬಾಗಿಲು ತೆರೆದಾಗ ಏನಾಗುತ್ತದೆ ಎಂಬುದಕ್ಕೆ ನಮ್ಮ ಶಾಲೆಗಳ ನಲಿ-ಕಲಿ ಪದ್ಧತಿಯೇ ಸಾಕ್ಷಿ. 1995ರ ಸುಮಾರಿಗೆ ಹೆಗ್ಗಡದೇವನಕೋಟೆಯ ಮೇಷ್ಟರುಗಳು ಆಂಧ್ರದ ರಿಷಿವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿಶಾಲೆಯ ಮಕ್ಕಳು ಕಲಿಯುವ ರೀತಿಯನ್ನು ಕಣ್ಣಾರೆ ಕಂಡು ಬಂದರು. ಆಮೇಲೆ ತಾವೇ ಕೂತು ಕಾರ್ಡು, ಕಲಿಕಾ ಏಣಿ ಸಿದ್ಧಮಾಡಿದರು. ಮುಂದೆ ಅದೇ ಪದ್ಧತಿ ಕರ್ನಾಟಕದ ಸರ್ಕಾರಿ ಶಾಲೆಗಳ ಚಿಕ್ಕ ತರಗತಿಗಳಿಗೆಲ್ಲ ಬಂತು. ಇನ್ನೊಬ್ಬರ ತರಗತಿಯಲ್ಲಿ ಸುಮ್ಮನೆ ಕೂತು ನೋಡಿದ್ದರಿಂದ ಶುರುವಾದ ಕೆಲಸ ಅದು.

ಸರ್ಟಿಫಿಕೇಟು ಕೊಡುವವರು, ಹೀಗೆ ಒಬ್ಬರ ಪಾಠವನ್ನು ಇನ್ನೊಬ್ಬರು ಕೂತು ನೋಡುವುದನ್ನೂ ಒಂದು ಪರೀಕ್ಷೆ ಮಾಡುವ ಕಾಲ ಬಂದರೆ ಸಂತೋಷ. ನೀನು ಅದಕ್ಕೆ ಕಾಯಬೇಡ. ಅಭ್ಯಾಸ ಪಾಠಕ್ಕೆ ಹೋದಾಗ ಆ ಶಾಲೆಯ ಹಿರಿಯ ಟೀಚರೊಬ್ಬರನ್ನು ಹಿಂದಿನ ಸಾಲಲ್ಲಿ ಕೂರಿಸಿಕೋ. 'ಪಾಠ ಹೇಗಿತ್ತು ಮೇಡಂ' ಎಂದರೆ ಪಾಪ, ಚೆನ್ನಾಗಿತ್ತು ಎಂದುಬಿಡುತ್ತಾರೆ. 'ಯಾವ ಮಗುವಿನ ಕಡೆಗೆ ನಾನು ನೋಡಲೇ ಇಲ್ಲ?' ಎಂದು ಕೇಳು. ಆ ಹೆಸರು ಬರೆದಿಟ್ಟುಕೋ, ಮಾರನೆಯ ದಿನದ ಪಾಠ ಆ ಮಗುವಿನಿಂದಲೇ ಆರಂಭವಾಗಲಿ. ಕೆಲಸ ಸಿಕ್ಕಮೇಲೂ ಈ ರೂಢಿ ಬಿಡಬೇಡ. ಸಂಕೋಚವಾಗುತ್ತದೆ, ಆದರೂ ಕರೆ.

ದಸರಾ ರಜೆಗೆ ಬರುವಾಗ ಆ ಹೆಸರುಗಳ ಪುಸ್ತಕ ತಾ. ಒಟ್ಟಿಗೆ ಕೂತು ನೋಡೋಣ.

ಇಂತಿ,
ನಿನ್ನ ದೊಡ್ಡಪ್ಪ